ಮಾಗಳಿ ಬೇರು: ಕಾಡಿನಲ್ಲಿ ಉಳಿಯಲಿ, ಹೊಲದ ಬದುವಿನಲ್ಲಿ ಬೆಳೆಯಲಿ

ಹಳೆಯ ಮೈಸೂರು ಸೀಮೆಯ ಅನೇಕ ಮನೆಗಳಲ್ಲಿ ಮಾವಿನಕಾಯಿ, ನಿಂಬೆಕಾಯಿಗಳ ಉಪ್ಪಿನಕಾಯಿಯ ಜೊತೆಗೆ ಮಾಗಳಿ ಬೇರಿನ ಉಪ್ಪಿನಕಾಯಿಯ ಜಾಡಿಯೂ ಇರುತ್ತದೆ. ಇದರ ವಾಸನೆ ಕೆಲವರಿಗೆ ಬಹು ಇಷ್ಟ. ಇನ್ನು ಕೆಲವರು ತಿಗಣೆ ವಾಸನೆಯೆಂದು ಮೂಗು ಮುಚ್ಚಿಕೊಳ್ಳುತ್ತಾರೆ. ಇಷ್ಟಪಡುವವರು ಮಾತ್ರ ಮೊಸರನ್ನಕ್ಕೆ ಇದಕ್ಕಿಂತ ಒಳ್ಳೆಯ ಜೊತೆ ಇಲ್ಲವೆನ್ನುತ್ತಾರೆ.

ಮಾವಿನಕಾಯಿ ಕಿತ್ತರೆ ಮರ ಉಳಿಯುತ್ತದೆ, ಮರುವರ್ಷ ಮತ್ತೆ ಕಾಯಿ ಬಿಡುತ್ತದೆ. ಮಾಗಳಿಯ ವಿಷಯ ಹಾಗಲ್ಲ. ಇಲ್ಲಿ ಬಳಕೆಗೆ ಬರುವುದು ಬೇರು. ಬೇರನ್ನೆಲ್ಲ ಅಗೆದು ತೆಗೆದರೆ ಗಿಡವೇ ಸಾಯುತ್ತದೆ. ಹಲವು ವರ್ಷಗಳ ಕಾಲ ಬಂಡೆಯ ಸಂದಿಯಲ್ಲಿ ಬೆಳೆದ ಗಿಡ ಅರ್ಧ ಗಂಟೆಯ ಹಾರೆ ಕೆಲಸಕ್ಕೆ ಮುಗಿದುಹೋಗುತ್ತದೆ. ಮಾರುಕಟ್ಟೆಗೆ ಬರುವ ಮಾಗಳಿ ಬೇರಿನ ಬಹುಪಾಲು ಇಂದಿಗೂ ಕಾಡಿನಿಂದಲೇ ಬರುತ್ತಿದೆ. ಹೀಗಾಗಿ ಒಂದು ಕಾಲಕ್ಕೆ ಗುಡ್ಡಗಾಡಿನಲ್ಲಿ ಸಾಮಾನ್ಯವಾಗಿದ್ದ ಈ ಗಿಡ ಈಗ ಅಳಿವಿನ ಅಪಾಯದಲ್ಲಿರುವ ಸಸ್ಯಗಳ ಸಾಲಿಗೆ ಸೇರಿದೆ. ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು 2015ರ ತನ್ನ ಕೆಂಪು ಪಟ್ಟಿಯಲ್ಲಿ ಇದನ್ನು ಅಪಾಯಕ್ಕೊಳಗಾದ ಜಾತಿಯೆಂದು ದಾಖಲಿಸಿದೆ.

ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳ ರೈತರಿಗೆ ಈ ವಿಷಯ ದೂರದ್ದಲ್ಲ. ಒಂದು ಕಡೆ ಬಿಳಿಗಿರಿರಂಗನ ಬೆಟ್ಟ, ಇನ್ನೊಂದು ಕಡೆ ಮಲೆ ಮಹದೇಶ್ವರ ಬೆಟ್ಟ, ನಡುವೆ ಕಾಡಂಚಿನ ಮಳೆಯಾಶ್ರಿತ ಹೊಲಗಳು. ಮಾಗಳಿಯ ತವರುಗಳಲ್ಲಿ ಈ ಪ್ರದೇಶವೂ ಒಂದು. ಈ ಗಿಡವನ್ನು ಗುರುತಿಸುವುದು ಹೇಗೆ, ಇದು ಏಕೆ ಕಡಿಮೆಯಾಯಿತು, ಹೊಲದ ಬದುವಿನಲ್ಲಿ ಇದನ್ನು ಬೆಳೆಸುವ ಕ್ರಮವೇನು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಗಿಡದ ಪರಿಚಯ

ಮಾಗಳಿಯ ಸಸ್ಯಶಾಸ್ತ್ರೀಯ ಹೆಸರು ಡೆಕಾಲೆಪಿಸ್ ಹ್ಯಾಮಿಲ್ಟೋನಿ. ಕೆಲವು ಕಡೆ ಮಾಕಳಿ ಬೇರು ಎಂದೂ ಕರೆಯುತ್ತಾರೆ. ತಮಿಳಿನಲ್ಲಿ ಮಾಗಾಳಿ ಕಿಳಂಗು, ತೆಲುಗಿನಲ್ಲಿ ಮಾರೆಡು ಕೊಮ್ಮುಲು ಎಂಬ ಹೆಸರುಗಳಿವೆ. ಇದು ಎಕ್ಕದ ಗಿಡದ ಸಂಬಂಧಿ, ಕಣಗಿಲೆಯ ಕುಟುಂಬಕ್ಕೆ ಸೇರಿದ್ದು. ಎಲೆ ಅಥವಾ ಕಾಂಡವನ್ನು ಮುರಿದರೆ ಎಕ್ಕದಂತೆಯೇ ಬಿಳಿಯ ಹಾಲು ಒಸರುತ್ತದೆ.

ಇದು ಆಸರೆ ಸಿಕ್ಕಲ್ಲಿ ಮೇಲೇರುವ, ಸಿಗದಿದ್ದಲ್ಲಿ ಬಂಡೆಯ ಮೇಲೆ ಹಬ್ಬಿಕೊಳ್ಳುವ ಪೊದೆಜಾತಿಯ ಸಸ್ಯ. ಕಾಂಡದಲ್ಲಿ ಗೆಣ್ಣುಗಳು ಎದ್ದು ಕಾಣುತ್ತವೆ. ಎಲೆಗಳು ಒಂದಕ್ಕೊಂದು ಎದುರಾಗಿ ಜೋಡಿಯಾಗಿರುತ್ತವೆ. ದಪ್ಪವಾಗಿ, ನುಣುಪಾಗಿ, ಕಡು ಹಸಿರು ಬಣ್ಣ ಹೊಂದಿರುತ್ತವೆ. ಹೂಗಳು ಬಹು ಚಿಕ್ಕವು. ಎಲೆಯ ಕಂಕುಳಲ್ಲಿ ಗೊಂಚಲಾಗಿ ಬಿಡುತ್ತವೆ. ಬಣ್ಣ ಹಳದಿ ಮಿಶ್ರಿತ ಬಿಳುಪು. ಹತ್ತಿರ ಹೋಗಿ ನೋಡದಿದ್ದರೆ ಹೂ ಬಿಟ್ಟಿರುವುದೇ ತಿಳಿಯುವುದಿಲ್ಲ.

ಕಾಯಿಗಳು ಸಾಮಾನ್ಯವಾಗಿ ಜೋಡಿಯಾಗಿರುತ್ತವೆ. ಒಣಗಿದಾಗ ಒಂದು ಪಕ್ಕದಲ್ಲಿ ಸೀಳಿಕೊಳ್ಳುತ್ತವೆ. ಒಳಗೆ ಚಪ್ಪಟೆಯಾದ ಬೀಜಗಳಿದ್ದು, ಪ್ರತಿ ಬೀಜದ ತುದಿಯಲ್ಲಿ ರೇಷ್ಮೆಯಂಥ ಬಿಳಿ ಕೂದಲಿನ ಕುಚ್ಚು ಇರುತ್ತದೆ. ಎಕ್ಕದ ಬೀಜದಂತೆ ಇದೂ ಗಾಳಿಯಲ್ಲಿ ತೇಲಿ ಹೋಗುತ್ತದೆ. ಬೇರುಗಳು ದಪ್ಪನಾಗಿ, ರಸಭರಿತವಾಗಿ, ಉದ್ದನೆಯ ಗೆಣಸಿನಂತೆ ಗುಂಪಾಗಿ ಬೆಳೆಯುತ್ತವೆ. ಪ್ರತಿ ಬೇರಿನ ನಡುವೆ ಗಟ್ಟಿಯಾದ ನಾರು ಇರುತ್ತದೆ. ಅದನ್ನು ತೆಗೆದು ಹೊರಗಿನ ಮೆತ್ತನೆಯ ಭಾಗವನ್ನು ಬಳಸುತ್ತಾರೆ.

ಸೊಗದೆ ಬೇರಲ್ಲ

ಮಾಗಳಿಯನ್ನು ಸೊಗದೆ ಬೇರಿನೊಡನೆ ಗೊಂದಲ ಮಾಡಿಕೊಳ್ಳುವುದುಂಟು. ಎರಡಕ್ಕೂ ಹೋಲುವ ಪರಿಮಳವಿರುವುದೇ ಇದಕ್ಕೆ ಕಾರಣ. ಸೊಗದೆ ಬೇರು ಅಥವಾ ನಾಮದ ಬೇರು ಎಂದರೆ ಹೆಮಿಡೆಸ್ಮಸ್ ಇಂಡಿಕಸ್ ಎಂಬ ಬೇರೆ ಸಸ್ಯ. ಅದರ ಬಳ್ಳಿ ತೆಳ್ಳಗೆ. ಎಲೆಯ ನಡುನರದ ಉದ್ದಕ್ಕೂ ಅನೇಕ ವೇಳೆ ಬಿಳಿ ಛಾಯೆ ಇರುತ್ತದೆ. ಬೇರು ತೆಳುವಾಗಿ ತಂತಿಯಂತಿರುತ್ತದೆ. ಮಾಗಳಿಯ ಎಲೆ ಅಗಲ, ಬೇರು ದಪ್ಪ. ಆಯುರ್ವೇದದ ಸಾರಿವಾ ಎಂಬ ಮೂಲಿಕೆಯ ಸ್ಥಾನದಲ್ಲಿ ಸೊಗದೆಗೆ ಬದಲಾಗಿ ಮಾಗಳಿಯನ್ನು ಮಾರುವ ರೂಢಿ ವ್ಯಾಪಾರದಲ್ಲಿದೆ. ಇದರಿಂದ ಮಾಗಳಿಯ ಮೇಲಿನ ಒತ್ತಡ ಇನ್ನಷ್ಟು ಹೆಚ್ಚಿದೆ. ಉಪ್ಪಿನಕಾಯಿಗೆ ಬೇಕಾದ ಬೇರಿನ ಜೊತೆಗೆ ಔಷಧಿಗೆ ಬೇಕಾದ ಬೇರಿನ ಹೊರೆಯೂ ಈ ಒಂದೇ ಗಿಡದ ಮೇಲೆ ಬಿದ್ದಿದೆ.

ಎಲ್ಲಿ ಬೆಳೆಯುತ್ತದೆ?

ಮಾಗಳಿ ದಕ್ಷಿಣ ಭಾರತದ ಸ್ವಂತ ಗಿಡ. ಕರ್ನಾಟಕ, ಆಂಧ್ರ ಪ್ರದೇಶ ಮತ್ತು ತಮಿಳುನಾಡುಗಳ ಒಣ ಗುಡ್ಡಗಳಲ್ಲಿ, ಕೇರಳದ ಕೆಲವು ಭಾಗಗಳಲ್ಲಿ ಇದು ಸಿಗುತ್ತದೆ. ಸಮುದ್ರಮಟ್ಟದಿಂದ ಸುಮಾರು 300ರಿಂದ 1,200 ಮೀಟರ್ ಎತ್ತರದವರೆಗಿನ ಕಲ್ಲುಗುಡ್ಡಗಳು ಇದಕ್ಕೆ ಒಗ್ಗುತ್ತವೆ. ಬಂಡೆಗಳ ಸಂದು, ಕಲ್ಲು ಮಿಶ್ರಿತ ಕೆಂಪು ಮಣ್ಣು, ನೀರು ನಿಲ್ಲದ ಇಳಿಜಾರು, ಕುರುಚಲು ಕಾಡಿನ ಅರೆನೆರಳು, ಇವು ಇದರ ಇಷ್ಟದ ನೆಲೆಗಳು. ಬಿಳಿಗಿರಿರಂಗನ ಬೆಟ್ಟದ ಒಣ ಇಳಿಜಾರುಗಳಲ್ಲೂ, ಹನೂರಿನಿಂದ ಮಲೆ ಮಹದೇಶ್ವರ ಬೆಟ್ಟದ ಕಡೆಗೆ ಹಬ್ಬಿರುವ ಕುರುಚಲು ಕಾಡುಗಳಲ್ಲೂ ಇಂಥ ನೆಲ ಧಾರಾಳವಾಗಿದೆ. ಬೆಂಗಳೂರು ದಕ್ಷಿಣ (ಹಿಂದಿನ ರಾಮನಗರ) ಜಿಲ್ಲೆಯ ಸಾವನದುರ್ಗ ಮತ್ತು ತುಮಕೂರು ಜಿಲ್ಲೆಯ ದೇವರಾಯನದುರ್ಗಗಳೂ ಇದೇ ಬಗೆಯ ಗುಡ್ಡಗಾಡುಗಳು.

ಈ ಸಂಗತಿಯಲ್ಲಿ ರೈತರಿಗೆ ಒಂದು ಪಾಠವಿದೆ. ಮಾಗಳಿಗೆ ಕಪ್ಪು ಮಣ್ಣು ಬೇಡ, ಗದ್ದೆಯ ತೇವ ಬೇಡ, ಕಾಲುವೆ ನೀರೂ ಬೇಡ. ರಾಗಿ, ಹುರುಳಿ, ಅವರೆ ಬೆಳೆಯುವ ಕಲ್ಲುನೆಲದ ಬದುವೇ ಇದಕ್ಕೆ ಸಾಕು.

ಬೇರಿನ ಉಪಯೋಗ

ಬೇರನ್ನು ಚೆನ್ನಾಗಿ ತೊಳೆದು, ಮೇಲಿನ ಸಿಪ್ಪೆ ಹೆರೆದು, ನಡುವಿನ ನಾರು ತೆಗೆದು, ಸಣ್ಣಗೆ ಹೆಚ್ಚಿ, ನಿಂಬೆ ರಸ ಅಥವಾ ಮೊಸರಿನಲ್ಲಿ ಉಪ್ಪು, ಸಾಸಿವೆ, ಮೆಣಸಿನಕಾಯಿ ಪುಡಿಗಳೊಡನೆ ನೆನೆಹಾಕುತ್ತಾರೆ. ಬೇರಿನಿಂದ ತಂಪು ಪಾನಕವನ್ನೂ ತಯಾರಿಸುತ್ತಾರೆ. ಹಸಿವು ಹೆಚ್ಚಿಸಲು, ದೇಹ ತಂಪಾಗಿಡಲು ಇದು ಒಳ್ಳೆಯದೆಂದು ಮನೆಮದ್ದಿನಲ್ಲಿ ಬಳಸುತ್ತಾರೆ.

ಬೇರಿನ ಪರಿಮಳಕ್ಕೆ ಮುಖ್ಯ ಕಾರಣ 2-ಹೈಡ್ರಾಕ್ಸಿ-4-ಮೆಥಾಕ್ಸಿ ಬೆಂಜಾಲ್ಡಿಹೈಡ್ ಎಂಬ ವಸ್ತು. ಐಸ್‌ಕ್ರೀಮಿಗೆ ಹಾಕುವ ವೆನಿಲ್ಲಾದ ಪರಿಮಳ ವಸ್ತುವಿನಲ್ಲಿರುವ ಪರಮಾಣುಗಳೇ ಇದರಲ್ಲೂ ಅಷ್ಟೇ ಸಂಖ್ಯೆಯಲ್ಲಿವೆ. ಜೋಡಣೆ ಮಾತ್ರ ಬೇರೆ. ಮೈಸೂರಿನ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಈ ಬೇರಿನ ಮೇಲೆ ಹಲವು ವರ್ಷ ಕೆಲಸ ಮಾಡಿದ್ದಾರೆ. ಬೇರಿನ ಸಾರವು ದಾಸ್ತಾನು ಮಾಡಿದ ಧಾನ್ಯವನ್ನು ಕೀಟಗಳಿಂದ ಕಾಪಾಡಬಲ್ಲುದೆಂದು ಅವರು 1999ರಲ್ಲಿ ಪ್ರಕಟಿಸಿದರು. ಅಂಗಾಂಶ ಕೃಷಿಯಿಂದ ಸಸಿ ಪಡೆಯುವ ವಿಧಾನಗಳನ್ನೂ ಅಲ್ಲಿ ಅಭಿವೃದ್ಧಿಪಡಿಸಲಾಗಿದೆ.

ಹೊಸ ಉಪಯೋಗ ಕಂಡುಬಂದಷ್ಟೂ ಬೇಡಿಕೆ ಹೆಚ್ಚುತ್ತದೆ. ಬೇಡಿಕೆ ಹೆಚ್ಚಿ, ಬೆಳೆ ಇಲ್ಲದೆ ಹೋದರೆ ಹೊರೆ ಬೀಳುವುದು ಕಾಡಿನ ಗಿಡದ ಮೇಲೆಯೇ.

ಗಿಡ ಕಡಿಮೆಯಾಗಲು ಕಾರಣಗಳು

ಮೊದಲನೆಯದು, ಈಗಾಗಲೇ ಹೇಳಿದಂತೆ, ಬೇರು ತೆಗೆಯುವ ರೀತಿ. ಜೇನು, ನೆಲ್ಲಿಕಾಯಿ, ಸೀಗೆಕಾಯಿಗಳನ್ನು ಎಚ್ಚರಿಕೆಯಿಂದ ತೆಗೆದರೆ ಮೂಲಕ್ಕೆ ಧಕ್ಕೆಯಾಗುವುದಿಲ್ಲ. ಮಾಗಳಿಯಲ್ಲಿ ಫಸಲು ಮತ್ತು ಮೂಲ ಎರಡೂ ಒಂದೇ.

ಎರಡನೆಯದು ಗಿಡದ ನಿಧಾನ ಸ್ವಭಾವ. ಹೂಗಳು ಬಹಳ ಬಿಟ್ಟರೂ ಕಾಯಿಯಾಗುವುದು ಕೆಲವೇ. ಇದರ ಪರಾಗವು ಬಿಡಿ ಹುಡಿಯಾಗಿ ಉದುರದೆ, ಎಕ್ಕದಲ್ಲಿರುವಂತೆ ಗುಂಪಾಗಿ ಅಂಟಿಕೊಂಡಿರುತ್ತದೆ. ಗಾಳಿ ಅದನ್ನು ಒಯ್ಯಲಾರದು, ಕೀಟವೇ ಹೊತ್ತು ತರಬೇಕು. ಹತ್ತಿರದಲ್ಲಿ ಇನ್ನೊಂದು ಗಿಡವೇ ಇಲ್ಲದಿದ್ದರೆ ಕೀಟ ತಾನೆ ಎಲ್ಲಿಂದ ತಂದೀತು? ಒಂದು ಗುಡ್ಡದಲ್ಲಿ ಹತ್ತು ಗಿಡಗಳಿದ್ದು ಎಂಟನ್ನು ಅಗೆದರೆ ನಷ್ಟವಾಗುವುದು ಎಂಟು ಗಿಡ ಮಾತ್ರವಲ್ಲ. ಉಳಿದ ಎರಡೂ ಕಾಯಿ ಕಚ್ಚದೆ ಹೋಗುವ ಸಂಭವವಿದೆ.

ಮೂರನೆಯದಾಗಿ, ಬೀಜದ ಮೊಳೆಯುವ ಶಕ್ತಿ ಬಹುಕಾಲ ಉಳಿಯುವುದಿಲ್ಲ. ಗಾಳಿಯಲ್ಲಿ ಹಾರಿದ ಬೀಜಕ್ಕೆ ಸರಿಯಾದ ಜಾಗ, ಸರಿಯಾದ ಸಮಯದಲ್ಲಿ ಸಿಗಬೇಕು. ಸಿಕ್ಕರೂ ಸಸಿಯನ್ನು ಕಾಡಿನ ಬೆಂಕಿ ಅಥವಾ ಮೇಯುವ ದನ ಮುಗಿಸಬಹುದು.

ನಾಲ್ಕನೆಯದು ಲಂಟಾನ. ಹೊರದೇಶದಿಂದ ಬಂದ ಈ ಮುಳ್ಳುಪೊದೆ ಬಿಳಿಗಿರಿರಂಗನ ಬೆಟ್ಟದಲ್ಲಿ 1997ರಿಂದ 2008ರ ನಡುವೆ ಸುಮಾರು ಎರಡು ಪಟ್ಟು ಕಡೆಗಳಿಗೆ ಹರಡಿತೆಂದು ಅಧ್ಯಯನದಿಂದ ತಿಳಿದುಬಂದಿದೆ. ಲಂಟಾನ ಮುಚ್ಚಿದ ನೆಲದಲ್ಲಿ ನಾಡ ಗಿಡಗಳ ಸಸಿಗಳಿಗೆ ಬೆಳಕು ಸಿಗುವುದಿಲ್ಲ.

ಈ ನಾಲ್ಕೂ ಸೇರಿದಾಗ ಲೆಕ್ಕ ಸರಳ. ಪ್ರತಿ ವರ್ಷ ಹುಟ್ಟುವ ಗಿಡಗಳಿಗಿಂತ ಅಗೆಯುವ ಗಿಡಗಳು ಹೆಚ್ಚಾದರೆ, ಎಷ್ಟೇ ದೊಡ್ಡ ಕಾಡಾದರೂ ಒಂದು ದಿನ ಬರಿದಾಗುತ್ತದೆ.

ಸೋಲಿಗರು, ಕಾಡು ಮತ್ತು ಕಾನೂನು

ಮಾಗಳಿ ಕಡಿಮೆಯಾಯಿತೆಂದ ಕೂಡಲೇ ಕಾಡಿನ ಜನರತ್ತ ಬೆರಳು ತೋರಿಸುವುದು ಸರಿಯಲ್ಲ. ಬಿಳಿಗಿರಿರಂಗನ ಬೆಟ್ಟ ಮತ್ತು ಮಲೆ ಮಹದೇಶ್ವರ ಬೆಟ್ಟಗಳ ಪೋಡುಗಳಲ್ಲಿ ವಾಸಿಸುವ ಸೋಲಿಗರು ಗಿಡಮೂಲಿಕೆಗಳನ್ನು ಬಲ್ಲವರು. ಕಾಡುಗೆಣಸನ್ನು ಅಗೆದ ಮೇಲೆ ಅದರ ತಲೆಭಾಗವನ್ನು ಮತ್ತೆ ಗುಂಡಿಯಲ್ಲಿಟ್ಟು ಮಣ್ಣು ಮುಚ್ಚುವ ರೂಢಿ ಅವರಲ್ಲಿದೆ. ಮುಂದಿನ ವರ್ಷಕ್ಕೂ ಗೆಣಸು ಬೇಕೆಂಬ ತಿಳಿವಳಿಕೆ ಇದು. ಮನೆಯ ಬಳಕೆಗೆ ಅಗೆಯುವಾಗ ಇಂಥ ರೂಢಿ ನಡೆಯುತ್ತದೆ. ದೂರದ ಪೇಟೆಯ ಬೇಡಿಕೆ ಬಂದು, ತೂಕದ ಮೇಲೆ ಹಣ ಸಿಗುವಾಗ, ಅಲ್ಲದೆ ತಾನು ಬಿಟ್ಟ ಬೇರನ್ನು ನಾಳೆ ಇನ್ನೊಬ್ಬ ಅಗೆದುಕೊಂಡು ಹೋಗುವನೆಂಬ ಅಂಜಿಕೆ ಇರುವಾಗ, ಯಾವ ರೂಢಿಯೂ ನಿಲ್ಲುವುದು ಕಷ್ಟ.

ಈ ಕಾಡುಗಳ ಕಾನೂನಿನ ಸ್ಥಿತಿಯನ್ನು ರೈತರೂ ಕಾರ್ಯಕರ್ತರೂ ತಿಳಿದಿರಬೇಕು. ಬಿಳಿಗಿರಿರಂಗನ ಬೆಟ್ಟ 1974ರಲ್ಲಿ ವನ್ಯಜೀವಿ ಧಾಮವಾಯಿತು, 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾಯಿತು. ಮಲೆ ಮಹದೇಶ್ವರ ಬೆಟ್ಟದ ಕಾಡು 2013ರಲ್ಲಿ ವನ್ಯಜೀವಿ ಧಾಮವಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿಯ ನಂತರ ಬಿಳಿಗಿರಿರಂಗನ ಬೆಟ್ಟದಲ್ಲಿ ಮಾರಾಟಕ್ಕಾಗಿ ಕಿರು ಅರಣ್ಯ ಉತ್ಪನ್ನ ಸಂಗ್ರಹಿಸುವುದನ್ನು ತಡೆಯಲಾಯಿತು. ಇದರಿಂದ ಸೋಲಿಗ ಕುಟುಂಬಗಳ ಆದಾಯಕ್ಕೆ ಪೆಟ್ಟು ಬಿತ್ತು. ಮುಂದೆ 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ 2011ರಲ್ಲಿ ಅಲ್ಲಿನ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ದೊರೆಯಿತು. ಹುಲಿ ಸಂರಕ್ಷಿತ ಪ್ರದೇಶವೊಂದರಲ್ಲಿ ಇಂಥ ಹಕ್ಕು ದೊರೆತದ್ದು ಗಮನಾರ್ಹ ಸಂಗತಿ.

ಈ ಹಕ್ಕು ಗ್ರಾಮಸಭೆಯದು. ಹೊರಗಿನ ವ್ಯಾಪಾರಿಯಾಗಲಿ, ಪಕ್ಕದ ಊರಿನ ರೈತನಾಗಲಿ ಕಾಡಿಗೆ ಹೋಗಿ ಬೇರು ಅಗೆಯುವುದು ಅಪರಾಧ. ಹೊಲದಲ್ಲಿ ನೆಡಲೆಂದು ಕಾಡಿನ ಗಿಡ ಕಿತ್ತು ತರುವುದೂ ಅಷ್ಟೇ ತಪ್ಪು. ಹೊಲದ ಮಾಗಳಿ ಕಾಡಿನ ಮಾಗಳಿಯನ್ನು ಉಳಿಸಬೇಕೇ ಹೊರತು ಕಾಡಿನ ಮಾಗಳಿಯಿಂದ ಹೊಲ ತುಂಬಿಸಬಾರದು.

ಗಿಡಗಳನ್ನು ಅವು ಹುಟ್ಟಿದ ಜಾಗದಲ್ಲಿಯೇ ಕಾಪಾಡುವ ಪ್ರಯತ್ನವೂ ನಡೆದಿದೆ. 1993ರಿಂದೀಚೆಗೆ ಅರಣ್ಯ ಇಲಾಖೆಯ ಸಹಯೋಗದಲ್ಲಿ ರಾಜ್ಯದ ಹಲವು ಕಡೆ ಔಷಧೀಯ ಸಸ್ಯ ಸಂರಕ್ಷಣಾ ಕ್ಷೇತ್ರಗಳನ್ನು ಗುರುತಿಸಲಾಯಿತು. ಬಿಳಿಗಿರಿರಂಗನ ಬೆಟ್ಟ ಮತ್ತು ಸಾವನದುರ್ಗ ಇವುಗಳಲ್ಲಿ ಸೇರಿವೆ. ಆದರೆ ಬೇಡಿಕೆಯನ್ನು ಬೇಲಿ ಹಾಕಿ ತಡೆಯಲಾಗದು. ಅದನ್ನು ಪೂರೈಸಲು ಬೇರೆ ಮೂಲ ಬೇಕು. ಆ ಮೂಲ ಹೊಲವೇ.

ಬೀಜ ಸಂಗ್ರಹಣೆ ಮತ್ತು ಸಸಿಮಡಿ

ಸಸಿಯನ್ನು ನಂಬಿಕಸ್ತ ಸಸ್ಯಕ್ಷೇತ್ರದಿಂದ ಕೊಳ್ಳಬಹುದು. ಈಗಾಗಲೇ ಮಾಗಳಿ ಬೆಳೆದಿರುವ ರೈತರಿಂದ ಬೀಜ ಪಡೆದು ಸಸಿ ಮಾಡಿಕೊಳ್ಳಲೂಬಹುದು. ಬೀಜದಿಂದ ಸಸಿ ಮಾಡುವವರು ಕೆಳಗಿನ ಕ್ರಮ ಅನುಸರಿಸಬೇಕು.

ಕಾಯಿ ಹಸಿರು ಬಣ್ಣದಿಂದ ಕಂದು ಬಣ್ಣಕ್ಕೆ ತಿರುಗುವುದನ್ನು ಕಾಯುತ್ತಿರಬೇಕು. ಎಳೆಯ ಕಾಯಿ ಕಿತ್ತರೆ ಬೀಜ ಜೊಳ್ಳಾಗಿರುತ್ತದೆ. ತಡ ಮಾಡಿದರೆ ಕಾಯಿ ಒಡೆದು ಬೀಜ ಹಾರಿಹೋಗುತ್ತದೆ. ಬಲಿತ ಕಾಯಿಗಳಿಗೆ ತೆಳುವಾದ ಬಟ್ಟೆಯ ಚೀಲ ಕಟ್ಟುವುದು ಸುಲಭ ಉಪಾಯ. ಕಾಯಿ ಒಡೆದರೂ ಬೀಜ ಚೀಲದಲ್ಲೇ ಉಳಿಯುತ್ತದೆ.

ಕಾಯಿಗಳನ್ನು ನೆರಳಿನಲ್ಲಿ ಒಣಗಿಸಿ, ಬೀಜ ಬಿಡಿಸಿ, ಕೂದಲಿನ ಕುಚ್ಚನ್ನು ಕೈಯಿಂದ ತೆಗೆಯಬೇಕು. ಬಿಸಿಲಿನಲ್ಲಿ ಒಣಗಿಸಬಾರದು. ಬೀಜವನ್ನು ಮುಂದಿನ ವರ್ಷಕ್ಕೆಂದು ಕೂಡಿಡದೆ ಆದಷ್ಟು ಬೇಗ ಬಿತ್ತಬೇಕು. ಬಿತ್ತುವ ಹಿಂದಿನ ರಾತ್ರಿ ನೀರಿನಲ್ಲಿ ನೆನೆಸುವುದು ಒಳ್ಳೆಯದು.

ಕೆಂಪು ಮಣ್ಣು, ಮರಳು ಮತ್ತು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಸಮಪಾಲು ಬೆರೆಸಿ ಪಾಲಿಥೀನ್ ಚೀಲಗಳಿಗೆ ತುಂಬಬೇಕು. ಚೀಲದ ತಳದಲ್ಲಿ ನೀರು ಬಸಿಯಲು ತೂತುಗಳಿರಲಿ. ಪ್ರತಿ ಚೀಲಕ್ಕೆ ಎರಡು ಬೀಜ ಹಾಕಿ ತೆಳುವಾಗಿ ಮಣ್ಣು ಮುಚ್ಚಬೇಕು. ಚೀಲಗಳನ್ನು ಅರೆನೆರಳಿನಲ್ಲಿಟ್ಟು ಹೂದಾನಿಯಿಂದ ಮೆಲ್ಲಗೆ ನೀರು ಹನಿಸಬೇಕು. ಬೀಜಗಳೆಲ್ಲ ಒಟ್ಟಿಗೆ ಮೊಳೆಯುವುದಿಲ್ಲ. ಕೆಲವು ಮೊಳೆಯುವುದೇ ಇಲ್ಲ. ಆದ್ದರಿಂದ ಬೇಕಾದ ಸಸಿಗಳ ಎರಡರಿಂದ ಮೂರು ಪಟ್ಟು ಬೀಜ ಬಿತ್ತುವುದು ಜಾಣತನ. ಕಾಂಡದ ತುಂಡುಗಳಿಂದಲೂ ಸಸಿ ಮಾಡಬಹುದಾದರೂ ಬೇರು ಬಿಡುವ ತುಂಡುಗಳ ಪ್ರಮಾಣ ಕಡಿಮೆ. ಮೊದಲ ಸಲ ಬೆಳೆಯುವ ರೈತರು ಇದನ್ನೇ ನೆಚ್ಚಿಕೊಳ್ಳಬಾರದು.

ನಾಟಿ ಮತ್ತು ಆರೈಕೆ

ಕೊಳ್ಳೇಗಾಲ ಮತ್ತು ಹನೂರು ಕಡೆ ಮುಂಗಾರಿಗಿಂತ ಹಿಂಗಾರು ಹೆಚ್ಚು ಭರವಸೆಯದು. ಆದ್ದರಿಂದ ಕನಿಷ್ಠ ಒಂದು ಗೇಣು ಎತ್ತರಕ್ಕೆ ಬಂದ ಸಸಿಗಳನ್ನು ಹಿಂಗಾರು ಹಿಡಿದ ಕೂಡಲೇ ನೆಟ್ಟರೆ ಬೇಸಿಗೆಯೊಳಗೆ ಬೇರೂರಲು ಸಮಯ ಸಿಗುತ್ತದೆ.

ಬದುವಿನ ಮೇಲೆ 45 ಸೆಂ.ಮೀ. ಉದ್ದ, ಅಗಲ, ಆಳದ ಗುಂಡಿಗಳನ್ನು 2 ಮೀಟರ್ ಅಂತರದಲ್ಲಿ ತೆಗೆಯಬೇಕು. ಮೇಲ್ಮಣ್ಣಿಗೆ 2ರಿಂದ 3 ಕಿ.ಗ್ರಾಂ. ಕೊಟ್ಟಿಗೆ ಗೊಬ್ಬರ, ಸ್ವಲ್ಪ ಮರಳು ಬೆರೆಸಿ ಗುಂಡಿ ತುಂಬಬೇಕು. ಮಣ್ಣು ಸಡಿಲವಾಗಿದ್ದಷ್ಟೂ ಬೇರು ನೇರವಾಗಿ, ದಪ್ಪವಾಗಿ ಬೆಳೆಯುತ್ತದೆ, ಅಗೆಯುವಾಗ ತುಂಡಾಗುವುದೂ ಕಡಿಮೆ. ನೀರು ನಿಲ್ಲುವ ಜಾಗದಲ್ಲಿ ನೆಡಲೇಬಾರದು, ಬೇರು ಕೊಳೆಯುತ್ತದೆ.

ಹಬ್ಬಲು ಆಸರೆ ಬೇಕು. ಬದುವಿನ ಮೇಲಿರುವ ಗ್ಲಿರಿಸಿಡಿಯ, ನುಗ್ಗೆ ಅಥವಾ ಹೊಂಗೆ ಗಿಡಗಳ ಬುಡದಿಂದ ಎರಡು ಮೊಳ ದೂರದಲ್ಲಿ ಸಸಿ ನೆಟ್ಟರೆ ಬಳ್ಳಿ ತಾನೇ ಏರುತ್ತದೆ. ಆಸರೆ ಇಲ್ಲದ ಕಡೆ ಒಣಗಿದ ಲಂಟಾನ ಕಡ್ಡಿಗಳನ್ನು ಹಂದರದಂತೆ ನಿಲ್ಲಿಸಬಹುದು. ಕಾಡಿಗೆ ಹೊರೆಯಾದ ಗಿಡ ಹೊಲಕ್ಕೆ ಉಪಯೋಗವಾದಂತಾಗುತ್ತದೆ. ಆದರೆ ಕಡ್ಡಿಯಲ್ಲಿ ಹಣ್ಣು, ಬೀಜ ಉಳಿಯದಂತೆ ನೋಡಿಕೊಳ್ಳಬೇಕು. ಹಸಿ ಕಡ್ಡಿಯನ್ನು ನೆಲಕ್ಕೆ ಊರಬಾರದು, ಅದು ಚಿಗುರಿಬಿಡುತ್ತದೆ.

ಮೊದಲ ಬೇಸಿಗೆಯಲ್ಲಿ ವಾರಕ್ಕೊಮ್ಮೆ ಕೊಡ ನೀರು ಕೊಟ್ಟು, ಬುಡಕ್ಕೆ ಒಣ ಸೊಪ್ಪು ಹೊದಿಸಬೇಕು. ಎರಡನೇ ವರ್ಷದಿಂದ ಮಳೆಯೇ ಸಾಕು. ವರ್ಷಕ್ಕೆರಡು ಸಲ ಕಳೆ ತೆಗೆದು ಬುಡಕ್ಕೆ ಮಣ್ಣು ಏರಿಸಬೇಕು. ದನ ಮತ್ತು ಆಡುಗಳು ಎಳೆಯ ಚಿಗುರು ಮೇಯದಂತೆ ಮುಳ್ಳು ಕಟ್ಟಬೇಕು. ಕಾಡುಹಂದಿ ನೆಲ ಅಗೆಯುವ ಪ್ರಾಣಿಯಾದ್ದರಿಂದ ಕಾಡಿಗೆ ತಾಗಿಕೊಂಡ ಬದುವಿಗಿಂತ ಮನೆಯ ಕಡೆಯ ಬದುವಿನಲ್ಲಿ ಮೊದಲು ಪ್ರಯತ್ನಿಸುವುದು ಕ್ಷೇಮ.

ನಾಲ್ಕು ವರ್ಷಗಳ ಸರದಿ

ಬೇರು ಮಾರಾಟಕ್ಕೆ ಯೋಗ್ಯವಾಗಲು ಸುಮಾರು ಮೂರರಿಂದ ನಾಲ್ಕು ವರ್ಷ ಬೇಕು. ಎಲ್ಲ ಗಿಡಗಳನ್ನೂ ಒಮ್ಮೆಗೇ ನೆಟ್ಟು ಒಮ್ಮೆಗೇ ಅಗೆದರೆ ಒಂದು ವರ್ಷ ಹಣ, ಮತ್ತೆ ನಾಲ್ಕು ವರ್ಷ ಕೈ ಬರಿದು. ಹೀಗಾಗದಿರಲು ಸರದಿ ಪದ್ಧತಿ ಉತ್ತಮ.

ಒಂದು ಎಕರೆ ಚೌಕಾಕಾರದ ಹೊಲದ ನಾಲ್ಕು ಬದುಗಳ ಒಟ್ಟು ಉದ್ದ ಸುಮಾರು 250 ಮೀಟರ್. 2 ಮೀಟರ್ ಅಂತರದಂತೆ 125 ಗಿಡ ಹಿಡಿಯುತ್ತವೆ. ಇವುಗಳಲ್ಲಿ 25 ಗಿಡಗಳನ್ನು ಬೀಜಕ್ಕೆಂದು ತಾಯಿಗಿಡಗಳಾಗಿ ಬಿಡಬೇಕು. ಉಳಿದ 100 ಗಿಡಗಳನ್ನು 25ರಂತೆ ನಾಲ್ಕು ತಂಡ ಮಾಡಬೇಕು. ಮೊದಲ ವರ್ಷ ತಾಯಿಗಿಡಗಳನ್ನೂ ಒಂದನೇ ತಂಡವನ್ನೂ ನೆಡಬೇಕು. ಎರಡನೇ ವರ್ಷ ಎರಡನೇ ತಂಡ, ಮೂರನೇ ವರ್ಷ ಮೂರನೇ ತಂಡ, ನಾಲ್ಕನೇ ವರ್ಷ ನಾಲ್ಕನೇ ತಂಡ. ಐದನೇ ವರ್ಷ ಒಂದನೇ ತಂಡಕ್ಕೆ ನಾಲ್ಕು ವರ್ಷ ತುಂಬುತ್ತದೆ. ಅದರ ಬೇರು ತೆಗೆದು, ಸತ್ತ ಗಿಡಗಳ ಜಾಗದಲ್ಲಿ ಅದೇ ಮಳೆಗಾಲ ಹೊಸ ಸಸಿ ನೆಡಬೇಕು. ಆರನೇ ವರ್ಷ ಎರಡನೇ ತಂಡ. ಹೀಗೆಯೇ ಮುಂದುವರಿದರೆ ಐದನೇ ವರ್ಷದಿಂದ ಪ್ರತಿ ವರ್ಷ 25 ಗಿಡಗಳ ಬೇರು ಕೈಸೇರುತ್ತದೆ, ಬದುವಿನಲ್ಲಿ ಯಾವಾಗಲೂ ನೂರಕ್ಕೆ ಕಡಿಮೆಯಿಲ್ಲದಂತೆ ಗಿಡಗಳಿರುತ್ತವೆ.

ತಾಯಿಗಿಡಗಳನ್ನು ಒಂದೇ ಮೂಲೆಯಲ್ಲಿ ಗುಂಪು ಮಾಡದೆ ಬದುವಿನ ಉದ್ದಕ್ಕೂ ಐದಕ್ಕೊಂದರಂತೆ ಬಿಟ್ಟರೆ ಪರಾಗಸ್ಪರ್ಶಕ್ಕೆ ಅನುಕೂಲ. ಬೇರೆ ಬೇರೆ ಮೂಲದ ಸಸಿಗಳಿದ್ದರೆ ಇನ್ನೂ ಉತ್ತಮ. ಬೆಲೆ ಎಷ್ಟೇ ಏರಿದರೂ ತಾಯಿಗಿಡಗಳ ಬುಡಕ್ಕೆ ಹಾರೆ ಹಾಕಬಾರದು. ರಾಗಿ ಬೆಳೆಯುವವನು ಬಿತ್ತನೆ ರಾಗಿಯನ್ನು ಹಿಟ್ಟು ಮಾಡಿ ತಿನ್ನುವುದಿಲ್ಲ. ಇದೂ ಹಾಗೆಯೇ.

ಬೇರು ಅಗೆಯುವ ಕ್ರಮ

ಮಳೆ ಬಂದು ನೆಲ ಹದವಾಗಿರುವಾಗ ಅಗೆಯಬೇಕು. ಒಣ ನೆಲದಲ್ಲಿ ಹಾರೆ ಹಾಕಿದರೆ ಬೇರು ಮುರಿದು ನಷ್ಟವಾಗುತ್ತದೆ. ಗಿಡದ ಸುತ್ತಲೂ ಅಗೆಯದೆ ಒಂದು ಪಕ್ಕದಲ್ಲಿ ಮಾತ್ರ ಬುಡದಿಂದ ಒಂದು ಮೊಳ ದೂರದಿಂದ ಮಣ್ಣು ಬಿಡಿಸುತ್ತಾ ಬರಬೇಕು. ಆ ಪಕ್ಕದ ದಪ್ಪ ಬೇರುಗಳನ್ನು ಹರಿತವಾದ ಕತ್ತಿಯಿಂದ ಬುಡಕ್ಕೆ ನಾಲ್ಕು ಬೆರಳು ಬಿಟ್ಟು ಕತ್ತರಿಸಬೇಕು. ಇನ್ನೊಂದು ಪಕ್ಕದ ಬೇರುಗಳನ್ನೂ ಬುಡವನ್ನೂ ಮುಟ್ಟಬಾರದು. ಗೊಬ್ಬರ ಬೆರೆಸಿದ ಮಣ್ಣಿನಿಂದ ಗುಂಡಿ ಮುಚ್ಚಿ ತುಳಿಯಬೇಕು. ಹೀಗೆ ಅರ್ಧ ಬೇರು ಉಳಿಸಿದ ಗಿಡಕ್ಕೆ ಮತ್ತೆ ಚಿಗುರುವ ಅವಕಾಶವಿರುತ್ತದೆ. ಎಲ್ಲ ಗಿಡಗಳೂ ಉಳಿಯುತ್ತವೆಂದು ಹೇಳಲಾಗದು, ಎಲ್ಲ ಬೇರು ತೆಗೆದರೆ ಒಂದೂ ಉಳಿಯುವುದಿಲ್ಲ ಎಂಬುದಂತೂ ನಿಜ.

ಮಾರಾಟಕ್ಕೆ ಮುನ್ನ

ಮಾಗಳಿಯನ್ನು ರಾಗಿ, ಜೋಳ, ಅರಿಶಿನಗಳ ಬದಲಿಗೆ ಬೆಳೆಯಬೇಕೆಂದು ಯಾರೂ ಭಾವಿಸಬಾರದು. ಇದು ಬದುವಿನ ಬೆಳೆ. ಉಪಬೆಳೆಯಾಗಿಯೇ ಇರಲಿ. ಹಸಿ ಬೇರು ಬೇಗ ಬಾಡುವುದರಿಂದ ಅಗೆಯುವ ಮೊದಲೇ ಕೊಳ್ಳುವವರನ್ನು ಗೊತ್ತು ಮಾಡಿಕೊಳ್ಳಬೇಕು. ಉಪ್ಪಿನಕಾಯಿ ತಯಾರಿಸುವ ಮಹಿಳಾ ಸ್ವಸಹಾಯ ಸಂಘಗಳಿಗೆ ನೇರವಾಗಿ ಕೊಟ್ಟರೆ ಲಾಭದಲ್ಲಿ ಹೆಚ್ಚು ಪಾಲು ಊರಲ್ಲೇ ಉಳಿಯುತ್ತದೆ.

ಹೊಲದಲ್ಲಿ ಬೆಳೆದದ್ದೆಂಬುದಕ್ಕೆ ದಾಖಲೆ ಇಟ್ಟುಕೊಳ್ಳುವುದು ಅವಶ್ಯ. ಸಸಿ ಕೊಂಡ ರಸೀದಿ, ನೆಟ್ಟ ದಿನಾಂಕ, ಪ್ರತಿ ವರ್ಷದ ಒಂದು ಛಾಯಾಚಿತ್ರ, ಪಹಣಿಯಲ್ಲಿ ಬೆಳೆಯ ನಮೂದು, ಇವಿದ್ದರೆ ಸಾಗಣೆಯ ವೇಳೆ ಪ್ರಶ್ನೆ ಬಂದಾಗ ಉತ್ತರಿಸಲು ಸುಲಭ. ಸಾಗಣೆಗೆ ಅನುಮತಿ ಬೇಕೇ ಎಂಬುದನ್ನು ಮುಂಚಿತವಾಗಿ ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸಬೇಕು.

ವಿಸ್ತರಣಾ ಕಾರ್ಯಕರ್ತರ ಗಮನಕ್ಕೆ

ಹಳ್ಳಿಗೆ ಹತ್ತು ರೈತರು, ತಲಾ ಹತ್ತು ಗಿಡ. ಆರಂಭಕ್ಕೆ ಇಷ್ಟು ಸಾಕು. ಪೋಡುಗಳ ಹಿರಿಯರನ್ನು ತರಬೇತಿಗೆ ಕರೆದು, ಗಿಡ ಗುರುತಿಸುವ ಮತ್ತು ಕಾಯಿ ಬಲಿಯುವ ಕಾಲ ತಿಳಿಯುವ ಪಾಠವನ್ನು ಅವರಿಂದಲೇ ಹೇಳಿಸಬೇಕು. ಪಟ್ಟಾ ಜಮೀನು ಇರುವ ಸೋಲಿಗ ಕುಟುಂಬಗಳಿಗೆ ಸಸಿ ಹಂಚುವಾಗ ಮೊದಲ ಆದ್ಯತೆ ಕೊಡಬೇಕು. ಪ್ರತಿ ಊರಿನಲ್ಲೂ ಹೂ ಬಿಟ್ಟ ತಿಂಗಳು, ಕಾಯಿ ಬಲಿತ ತಿಂಗಳು, ಬಿತ್ತಿದ ಬೀಜ, ಮೊಳೆತ ಬೀಜ, ಇವುಗಳ ಲೆಕ್ಕವನ್ನು ಪುಸ್ತಕದಲ್ಲಿ ಬರೆಸಿದರೆ ಎರಡು ಮೂರು ವರ್ಷಗಳಲ್ಲಿ ಆ ಊರಿಗೇ ಹೊಂದುವ ಕೃಷಿ ಪದ್ಧತಿ ರೂಪುಗೊಳ್ಳುತ್ತದೆ. ಹೆಚ್ಚಿನ ಸಲಹೆಗೆ ಚಾಮರಾಜನಗರದ ಬಳಿಯ ಹರದನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.

ನೆನಪಿಡಬೇಕಾದ ಅಂಶಗಳು

1. ಕಾಡಿನಿಂದ ಗಿಡವನ್ನಾಗಲಿ ಬೇರನ್ನಾಗಲಿ ತರಬಾರದು.
2. ಬೀಜ ತಾಜಾ ಇರುವಾಗಲೇ ಬಿತ್ತಬೇಕು, ಕೂಡಿಡಬಾರದು.
3. ನೀರು ಬಸಿಯುವ ಕೆಂಪು ಮಣ್ಣಿನ ಬದು ಇದಕ್ಕೆ ಸೂಕ್ತ.
4. ಐದಕ್ಕೊಂದು ಗಿಡವನ್ನು ಬೀಜಕ್ಕಾಗಿ ಬಿಡಬೇಕು.
5. ನಾಲ್ಕು ವರ್ಷ ತುಂಬಿದ ಗಿಡದ ಒಂದು ಪಕ್ಕದ ಬೇರನ್ನು ಮಾತ್ರ ತೆಗೆಯಬೇಕು.
6. ಕೊಳ್ಳುವವರನ್ನು ನಿಶ್ಚಯಿಸಿಕೊಂಡ ನಂತರವೇ ಅಗೆಯಬೇಕು.

ಉಪ್ಪಿನಕಾಯಿ ಕೊಳ್ಳುವವರಿಗೂ ಒಂದು ಮಾತು ಅನ್ವಯಿಸುತ್ತದೆ. ಮಾಗಳಿ ಬೇರನ್ನು ಎಲ್ಲಿಂದ ತಂದಿರಿ ಎಂದು ಅಂಗಡಿಯಲ್ಲಿ ಒಮ್ಮೆ ಕೇಳುವುದರಲ್ಲಿ ತಪ್ಪಿಲ್ಲ. ಹೊಲದಲ್ಲಿ ಬೆಳೆದ ಬೇರಿಗೆ ನಾಲ್ಕು ಕಾಸು ಹೆಚ್ಚು ಕೊಡುವ ಗಿರಾಕಿ ಇದ್ದರೆ ಹನೂರಿನ ಕಾಡಂಚಿನ ರೈತ ಮತ್ತೆ ಇಪ್ಪತ್ತೈದು ಸಸಿ ನೆಡುತ್ತಾನೆ. ಆ ಇಪ್ಪತ್ತೈದು ಸಸಿಗಳಷ್ಟು ಬೇಡಿಕೆ ಕಾಡಿನ ಮೇಲಿಂದ ಇಳಿಯುತ್ತದೆ. ಬೆಟ್ಟದ ಬಂಡೆಯ ಸಂದಿನಲ್ಲಿರುವ ಮಾಗಳಿ ಆಗ ಯಾರ ಹಾರೆಗೂ ಸಿಗದೆ ಹೂ ಬಿಟ್ಟು, ಕಾಯಿ ಕಚ್ಚಿ, ತನ್ನ ಬೀಜವನ್ನು ಗಾಳಿಗೆ ಬಿಡಲು ಕಾಲಾವಕಾಶ ಪಡೆಯುತ್ತದೆ.